ದುಡಿಮೆ ನಮ್ಮದು, ಉತಾರ ಅಜ್ಜನದು

ಸಂಗೊಳ್ಳಿ ಸುತ್ತಲಿನ ಎರಿ ಹೊಲಗಳಲ್ಲಿ ಈಗ ದುಡಿಯುವವರು ಯಾರು ನೋಡಿ. ಸೋಯಾ ಬಿತ್ತುವವರು, ಹತ್ತಿಗೆ ಎಣ್ಣಿ ಹೊಡೆಯುವವರು, ರಾತ್ರಿ ಕರೆಂಟ್ ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸುವವರು, ಇವರಲ್ಲಿ ಇಪ್ಪತ್ತೈದು ಮೂವತ್ತರ ಹುಡುಗರು ಎಷ್ಟೋ ಮಂದಿ. ಅದೇ ಹೊಲದ ಉತಾರ ತೆಗೆಸಿದರೆ ಹೆಸರು ಅಜ್ಜನದು. ಕೆಲವು ಮನೆಗಳಲ್ಲಿ ಆ ಅಜ್ಜ ತೀರಿಕೊಂಡೇ ಹತ್ತು ವರ್ಷ ಆಗಿರುತ್ತದೆ.

ನಾವು ಪತ್ರಿಕೋದ್ಯಮ ಓದಿದವರು, ಆದರೆ ಹೊಲ ಬಿಟ್ಟವರಲ್ಲ. ನಮ್ಮ ಮನೆಗಳ ಕಥೆಯೂ ಇದೇ. ಸ್ಪ್ರಿಂಕ್ಲರ್ ಪೈಪಿಗೆ ಅರ್ಜಿ ಹಾಕಲು ಹೋದರೆ ಮೊದಲು ಕೇಳಿದ್ದು ಎಫ್‌ಐಡಿ. ‘ಅಪ್ಪನ ಹೆಸರಲ್ಲಿ ಐತ್ರಿ’ ಎಂದೆವು. ‘ಹಂಗಾದ್ರ ಅಪ್ಪನ್ನ ಕರ್ಕೊಂಡ ಬಾ.’ ಮೊಣಕಾಲು ನೋವಿನ ಅಪ್ಪನನ್ನು ಬೈಕ್ ಮೇಲೆ ಕರೆದೊಯ್ದರೆ, ಉತಾರದಲ್ಲಿ ಕಾಕಾನ ಹೆಸರೂ ಇದೆ, ಅವರ ಒಪ್ಪಿಗೆ ಪತ್ರ ತನ್ನಿ ಎಂದರು. ಕಾಕಾ ಇರುವುದು ಪುಣೆಯಲ್ಲಿ. ಪತ್ರ ಬರುವಷ್ಟರಲ್ಲಿ ಆ ವರ್ಷದ ಅನುದಾನ ಮುಗಿದಿತ್ತು.

ಕೌಂಟರಿನಲ್ಲಿ ಕೂತವರನ್ನು ಬೈದು ಪ್ರಯೋಜನವಿಲ್ಲ. ವ್ಯವಸ್ಥೆ ಕಟ್ಟಿದ್ದೇ ಹಾಗೆ. ನಮ್ಮ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶ ರೈತನ ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರುಗಳನ್ನು ಜೋಡಿಸಿ ಎಫ್‌ಐಡಿ ಕೊಡುತ್ತದೆ. ಸಬ್ಸಿಡಿ, ಬೆಳೆ ಪರಿಹಾರ, ಬೆಂಬಲ ಬೆಲೆಗೆ ಕಡಲೆ ಮಾರುವುದು ಎಲ್ಲಕ್ಕೂ ಅದೇ ಬೇಕು. ಉತಾರದಲ್ಲಿ ಹೆಸರಿಲ್ಲದವನು ಜೋಡಿಸುವುದಾದರೂ ಯಾವ ಸರ್ವೆ ನಂಬರನ್ನು?

ಪಿಎಂ ಕಿಸಾನ್ ನೋಡಿ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಅದರ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು. ಅಂದರೆ ವಯಸ್ಸಿಗೆ ಬಂದ ಮಗ ಬೇರೆ ಕುಟುಂಬ. ಹಾಗಾದರೆ ಅಪ್ಪ ಬದುಕಿರುವಾಗಲೇ ವಾಟ್ನಿ ಮಾಡಿಕೊಟ್ಟರೆ? 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಲ್ಲಿರಬೇಕು ಎಂದಿತು ಮಾರ್ಗಸೂಚಿ. ಮುಂದಿನ ಐದು ವರ್ಷಕ್ಕೆ ಅದು ಒಪ್ಪಿದ ಬದಲಾವಣೆ ಒಂದೇ: ಒಡೆಯ ಸತ್ತು ವಾರಸಾ ಆಗುವುದು. ಅಪ್ಪ ಇರುವವರೆಗೆ ಮಗ ರೈತನಲ್ಲ ಎಂದಂತಾಯಿತು. ಯಾವ ಮಗ ತಾನೇ ಅಂಥ ಸಬ್ಸಿಡಿಗೆ ಕಾಯುತ್ತಾನೆ?

ಯುರೋಪಿನ ದೇಶಗಳಲ್ಲೂ ರೈತರಿಗೆ ವಯಸ್ಸಾಗುತ್ತಿದೆ. ಅದಕ್ಕೇ ಅಲ್ಲಿ ಒಕ್ಕಲುತನಕ್ಕೆ ಹೊಸದಾಗಿ ಇಳಿಯುವ, 40 ಮೀರದವರಿಗಾಗಿ ಪ್ರತ್ಯೇಕ ಹಣ ತೆಗೆದಿಡುತ್ತಾರೆ. ಅಷ್ಟು ದೂರದ ಮಾತು ಬಿಡಿ, ನಮ್ಮ ಉತಾರದಲ್ಲೇ ಒಂದು ದಾರಿ ಇದೆ. 9ನೇ ಕಾಲಂ ಒಡೆಯನದು, 12ನೇ ಕಾಲಂ ಸಾಗುವಳಿ ಮಾಡುವವನದು. 1974ರ ಭೂ ಸುಧಾರಣೆಯ ನಂತರ ಅಲ್ಲಿ ಬೇರೆಯವರ ಹೆಸರು ಬರೆಸಲು ಒಡೆಯರು ಹೆದರುತ್ತಾರೆ. ಲಾವಣಿ ಹಿಡಿದ ಹುಡುಗರ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿರುವುದು ಇದಕ್ಕೇ. ಆದರೆ ಸ್ವಂತ ಮಗ, ಮಗಳಿಗೆ ಯಾವ ಹೆದರಿಕೆ? ಅಪ್ಪ ಒಪ್ಪಿ ಸಹಿ ಹಾಕಿದರೆ ಸಾಗುವಳಿ ಮಾಡುವವರ ಹೆಸರಲ್ಲೇ ಅರ್ಜಿ ತೆಗೆದುಕೊಳ್ಳಲಿ. ನಾವು ಕೇಳುವುದು ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ ಕಳಿಸೋಣ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಅಜ್ಜ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ತಲಾಠಿ ಹತ್ತಿರ ಹೋಗಿ ವಾರಸಾ ಅರ್ಜಿ ಕೊಡಿ. ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹೊಸ ಉತಾರ ಬಂದ ಕೂಡಲೇ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಸಿ. ಅಣ್ಣತಮ್ಮಂದಿರು ಮಾತಾಡುವ ಸ್ಥಿತಿಯಲ್ಲಿ ಇರುವಾಗಲೇ ಈ ಕೆಲಸ ಮುಗಿಸಿ. ಜಗಳ ಕೋರ್ಟಿಗೆ ಹೋದ ಮೇಲೆ ಉತಾರದಲ್ಲಿ ಅಜ್ಜನ ಹೆಸರೇ ಇನ್ನೊಂದು ತಲೆಮಾರು ಕೂತಿರುತ್ತದೆ.