ಇಲ್ಲದ ಕಾರ್ಡು

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಡತಿ ಅಂಗಡಿಗಳಲ್ಲಿ ಕೀರ್ದಿ ಬರೆದವನು. ಕೊನೆಯ ವರ್ಷಗಳನ್ನು ಕಳೆದದ್ದು ಅಮರಗೋಳದ ಮಾರುಕಟ್ಟೆಯ ಪ್ರಾಂಗಣದಲ್ಲಿ. ಮೆಣಸಿನಕಾಯಿಯ ಘಾಟು, ಹತ್ತಿಯ ನವಿರು, ಹಮಾಲರ ಕೂಗು, ಇವುಗಳ ನಡುವೆ ಕುಳಿತು ಅಂಕಿ ಕೂಡಿಸಿದ ನನಗೆ ರೊಕ್ಕವೆಂದರೆ ಎಣಿಸಬಹುದಾದ ಒಂದು ಪದಾರ್ಥ. ಎಣಿಸಲಾಗದಿದ್ದರೆ ಕಡೆಯ ಪಕ್ಷ ಕಾಗದದ ಮೇಲೆ ಬರೆದಿರಬೇಕು, ಕೆಳಗೊಬ್ಬನ ಸಹಿ ಇರಬೇಕು. ಇಂಥವನ ಮುಂದೆ ಒಂದು ಸಂಜೆ ನನ್ನ ಸೊಸೆ ಬಂದು ನಿಂತು, "ಮಾವಾ, ನಮಗ ಒಂದು ಕಾರ್ಡ್ ಬೇಕಾಗೇತಿ. ಆದರ ಅದು ಇರೂದಿಲ್ಲ" ಎಂದಳು.

ಓದುಗರು ನಗಬಾರದು. ಆ ಮಾತಿಗೆ ಅರ್ಥವಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಹತ್ತು ಸಾವಿರ ರೂಪಾಯಿ ಖರ್ಚಾಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಸೊಸೆ ಕಸೂತಿಯ ವ್ಯಾಪಾರ ಮಾಡುತ್ತಾಳೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ಆನೆಯ ಅಂಬಾರಿ, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸುವ ಹೆಣ್ಣುಮಕ್ಕಳು ಅಮರಗೋಳದಲ್ಲೂ ನವನಗರದ ಸುತ್ತಲೂ ಹನ್ನೊಂದು ಮಂದಿ ಅವಳಿಗಾಗಿ ದುಡಿಯುತ್ತಾರೆ. ಅವರು ಹಾಕಿದ ಸೀರೆ, ದಿಂಬಿನ ಹೊದಿಕೆಗಳು ಅಂತರಜಾಲದ ಅಂಗಡಿಗಳ ಮೂಲಕ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗುತ್ತವೆ. ಮಾಲು ಇಲ್ಲಿಂದ ಹೋಗುತ್ತದೆ, ರೊಕ್ಕ ಅಲ್ಲಿಂದ ಬರುತ್ತದೆ, ಇಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಪರದೇಶದಲ್ಲಿ ಮಾರಬೇಕಾದರೆ ಪರದೇಶಕ್ಕೆ ಕೊಡುವುದೂ ಇರುತ್ತದೆ. ಅಂಗಡಿಯ ತಿಂಗಳ ಬಾಡಿಗೆ, ಜಾಹೀರಾತಿನ ಖರ್ಚು, ಚಿತ್ರ ತಿದ್ದುವ ಸಾಧನದ ಚಂದಾ, ಎಲ್ಲವೂ ಡಾಲರಿನಲ್ಲಿ, ಎಲ್ಲವೂ ಕಾರ್ಡಿನಿಂದ. ಮಾರುಕಟ್ಟೆಯಲ್ಲಿ ಕಟ್ಟೆಯ ಬಾಡಿಗೆ ಕೊಡದವನ ಚೀಲವನ್ನು ಹೊರಗಿಡುವಂತೆ, ಅಲ್ಲಿ ಕಾರ್ಡು ನಡೆಯದಿದ್ದರೆ ಅಂಗಡಿಯ ಬಾಗಿಲೇ ಹಾಕಿಕೊಳ್ಳುತ್ತದೆ.

ಮೊದಲಿಗೆ ಅವಳು ಹೊಸ ಕಾರ್ಡಿಗೆ ಅರ್ಜಿ ಹಾಕುತ್ತೇನೆಂದಳು. ಉಳಿತಾಯದ ಹುಚ್ಚು ನನಗೆ. "ನನ್ನ ಕಾರ್ಡ್ ಖಾಲಿ ಕುಂತೇತಿ, ಅದನ್ನ ಬಳಸವ್ವಾ" ಎಂದು ನನ್ನ ಉಳಿತಾಯ ಖಾತೆಯ ಕಾರ್ಡನ್ನು ಕೊಟ್ಟೆ. ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಪರದೇಶದ ಬಾಗಿಲು ಮೊದಲೇ ಮುಚ್ಚಿರುತ್ತದೆ; ಬೇಕಾದವರು ತೆರೆದುಕೊಳ್ಳಬೇಕು. ಆ ಬಾಗಿಲನ್ನು ನಾನೇ ತೆರೆದೆ. ಒಂದೇ ಸಂಖ್ಯೆಯನ್ನು ಬಾಡಿಗೆಗೆ, ಜಾಹೀರಾತಿಗೆ, ಚಂದಾಕ್ಕೆ, ಒಂದೆರಡು ದಿನ ಪರೀಕ್ಷಿಸಿ ಬಿಟ್ಟ ಯಾವುಯಾವುದೋ ಸಾಧನಗಳಿಗೆ ಕೊಟ್ಟದ್ದಾಯಿತು. ಮನೆಯ ಕೀಲಿಯ ನಕಲನ್ನು ಓಣಿಯ ತುಂಬ ಹಂಚಿದ ಹಾಗೆ.

2022ರ ನವೆಂಬರ್ ತಿಂಗಳಲ್ಲಿ ಒಂದು ರಾತ್ರಿ ಎರಡರಿಂದ ಮೂರು ಗಂಟೆಯೊಳಗೆ ಆ ಸಂಖ್ಯೆಯಿಂದ 41,600 ರೂಪಾಯಿ ಹೋಯಿತು. ಎಲ್ಲಿಂದ ಸಂಖ್ಯೆ ಸೋರಿತೋ ಇಂದಿಗೂ ಗೊತ್ತಾಗಿಲ್ಲ. ನಮ್ಮ ದೇಶದೊಳಗಿನ ಅಂಗಡಿಯಾದರೆ ಮೊಬೈಲಿಗೆ ಗುಪ್ತ ಸಂಖ್ಯೆ ಬಂದು, ಅದನ್ನು ಒತ್ತಿದ ಹೊರತು ರೊಕ್ಕ ಕದಲುತ್ತಿರಲಿಲ್ಲ. ಆ ಪರದೇಶದ ಅಂಗಡಿಗಳು ಅದನ್ನು ಕೇಳಲೇ ಇಲ್ಲ. ಮೊಬೈಲಿಗೆ ಸಂದೇಶಗಳು ಬಂದಿದ್ದವು. ನಾನು ಅವನ್ನು ಸಾಲ ಕೊಡುತ್ತೇವೆನ್ನುವವರ ಕಾಟವೆಂದು ಬಗೆದು ಓದದೆ ಬಿಟ್ಟಿದ್ದೆ. ಬ್ಯಾಂಕಿಗೆ ತಿಳಿಸಿದ್ದು ಐದನೆಯ ಕೆಲಸದ ದಿನ.

ಆ ಐದು ಎಂಬ ಅಂಕಿಯೇ ನನಗೆ ಮುಳುವಾಯಿತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗಿರಾಕಿಯ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕಡೆಯಿಂದ ಮೋಸವಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನವಾದರೆ ನನ್ನಂಥ ಸಾಮಾನ್ಯ ಉಳಿತಾಯ ಖಾತೆಯವನು 10,000 ರೂಪಾಯಿಯವರೆಗೆ ಹೊರಬೇಕು. 31,600 ತಿರುಗಿ ಬಂತು; ಹತ್ತು ಸಾವಿರ ನನ್ನ ತಲೆಗೆ ಬಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಕಾರ್ಡನ್ನು ಮುಚ್ಚಿದೊಡನೆ ಬಾಡಿಗೆಯೂ ನಿಂತಿತು, ಜಾಹೀರಾತೂ ನಿಂತಿತು. ಕ್ರಿಸ್‌ಮಸ್ಸಿಗೆ ಮುಂಚೆ ಅಲ್ಲಿಯ ಜನ ಉಡುಗೊರೆ ಕೊಳ್ಳುವ ಸುಗ್ಗಿಯ ಕಾಲದಲ್ಲಿ ಹದಿನೇಳು ದಿನ ನಮ್ಮ ಅಂಗಡಿಗೆ ಬೀಗ. ನಮ್ಮ ಕಡೆ ದೀಪಾವಳಿಗೆ ದಿವಾಳಿ ಎನ್ನುತ್ತಾರೆ. ಆ ವರ್ಷ ಹಬ್ಬದ ದಿವಾಳಿ ಮುಗಿದ ಮೇಲೆ ಇನ್ನೊಂದು ಅರ್ಥದ ದಿವಾಳಿ ಮನೆಯ ಹೊಸ್ತಿಲವರೆಗೆ ಬಂದು ಹೋಯಿತು. ಹನ್ನೊಂದು ಮಂದಿ ಹೆಣ್ಣುಮಕ್ಕಳ ಕೂಲಿ ಒಂದು ತಿಂಗಳು ತಡವಾಯಿತು. ಅವರಲ್ಲಿ ಒಬ್ಬಾಕೆ ಬಾಗಿಲಲ್ಲಿ ನಿಂತು, "ಇರಲಿ ಬಿಡ್ರಿ ಕಾಕಾ, ಬಂದ ಮ್ಯಾಲೆ ಕೊಡ್ರಿ" ಎಂದಾಗ, ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಸೊಸೆ ನನಗೊಂದು ಮಾತೂ ಅನ್ನಲಿಲ್ಲ. ಬದಲಿಗೆ ಆ ಸಂಜೆ ಬಂದು, ಇರುವುದಿಲ್ಲವಾದ ಕಾರ್ಡು ಬೇಕೆಂದಳು.

ಅದು ಹೀಗೆ. ಬ್ಯಾಂಕು ನಮ್ಮ ಖಾತೆಯ ಬೆನ್ನಿಗೆ ಬರಿಯ ಒಂದು ಸಂಖ್ಯೆಯನ್ನು ಹುಟ್ಟಿಸಿ ಕೊಡುತ್ತದೆ. ಪ್ಲಾಸ್ಟಿಕ್ಕಿನ ತುಂಡಿಲ್ಲ, ಹದಿನಾರು ಅಂಕಿ, ಒಂದು ಅವಧಿ, ಮೂರಂಕಿಯ ಗುಟ್ಟು. ಇದನ್ನು ವರ್ಚುವಲ್ ಕಾರ್ಡ್ ಎನ್ನುತ್ತಾರೆ. ಬೇಕಾದಷ್ಟು ಸಂಖ್ಯೆ ಪಡೆದು ಒಂದೊಂದನ್ನು ಒಬ್ಬೊಬ್ಬ ವ್ಯಾಪಾರಿಗೆ ಕೊಡಬಹುದು. ಒಂದೊಂದಕ್ಕೂ ಮಿತಿ ಹಾಕಬಹುದು. ಸಂಶಯ ಬಂದರೆ ಆ ಒಂದನ್ನೇ ಕೊಲ್ಲಬಹುದು, ಉಳಿದವು ಬದುಕಿರುತ್ತವೆ.

ಕೇಳಿದೊಡನೆ ನನಗೆ ಹುಂಡಿ ನೆನಪಾಯಿತು. ನಾನು ಕೆಲಸ ಕಲಿತ ಸಾವಕಾರರು ಹುಂಡಿಗಳ ಹೆಸರುಗಳನ್ನು ಮಗ್ಗಿಯಂತೆ ಹೇಳುತ್ತಿದ್ದರು. ತೋರಿಸಿದೊಡನೆ ರೊಕ್ಕ ಕೊಡಬೇಕಾದದ್ದು ದರ್ಶನಿ. ಅವಧಿಯ ಮೇಲೆ ಕೊಡತಕ್ಕದ್ದು ಮುದ್ದತಿ. ಪೇಟೆಯಲ್ಲಿ ಪತ್ತಿದ್ದ ಸಾವಕಾರನಿಗೆ ಮಾತ್ರ ಸಲ್ಲುವುದು ಶಾಹಜೋಗ. ಹೆಸರಿಸಿದವನಿಗೆ ಬಿಟ್ಟು ಬೇರೆ ಯಾರಿಗೂ ಸಲ್ಲದ್ದು ನಾಮಜೋಗ. ಹುಂಡಿ ಕಳೆದುಹೋದರೆ ಪೇಠ್, ಅದೂ ಕಳೆದರೆ ಪರಪೇಠ್ ಎಂದು ನಕಲು ಕೊಡುತ್ತಿದ್ದರು. ಒಬ್ಬನೇ ವ್ಯಾಪಾರಿಗೆ ಕಟ್ಟಿಹಾಕಿದ ಈ ಕಾಣದ ಕಾರ್ಡು ನಾಮಜೋಗ ಹುಂಡಿಯಲ್ಲದೆ ಮತ್ತೇನು? ಬೀದಿಯಲ್ಲಿ ಬಿದ್ದರೂ ಎತ್ತಿಕೊಂಡವನಿಗೆ ಅದು ದಕ್ಕದು.

ಹುಬ್ಬಳ್ಳಿಗೆ ಪರದೇಶದ ವ್ಯಾಪಾರ ಹೊಸದೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷರ ಕೋಠಿ ಹುಬ್ಬಳ್ಳಿಯ ಅರಿವೆಯನ್ನು ಕೊಂಡು ಹಡಗು ಹತ್ತಿಸುತ್ತಿತ್ತು. 1673ರಲ್ಲಿ ಮರಾಠರ ದಂಡು ಹುಬ್ಬಳ್ಳಿಯನ್ನು ಸುಲಿದಾಗ ಅವರ ಅಂಗಡಿಯೂ ಲೂಟಿಯಾಯಿತು. ಅಂದು ಕುದುರೆಯ ಮೇಲೆ ಬಂದರು, ನಮ್ಮ ಮನೆಗೆ ನಡುರಾತ್ರಿ ಸಂಖ್ಯೆಯ ಮೇಲೆ ಬಂದರು.

ಇನ್ನು ಆಯ್ಕೆಯ ಕಥೆ. ನಾನೂ ಸೊಸೆಯೂ ನವನಗರದಲ್ಲಿ ಎರಡು ಬ್ಯಾಂಕು, ಹುಬ್ಬಳ್ಳಿಯಲ್ಲಿ ಮೂರು ಬ್ಯಾಂಕು ತಿರುಗಿದೆವು. ಒಂದು ಕಡೆ ಕಾಯುತ್ತ ಕುಳಿತಾಗ ಅಲ್ಲಿಯ ತರುಣ ಅಧಿಕಾರಿ ಹದಿನಾರು ಅಂಕಿಗಳ ಮರ್ಮವನ್ನು ನನಗೆ ಹೇಳಿದ. ಮೊದಲಿನ ಅಂಕಿಗಳು ಯಾವ ಬ್ಯಾಂಕು ಎಂಬುದನ್ನು ಹೇಳುತ್ತವೆ. ಕೊನೆಯದು ತಾಳೆಯ ಅಂಕಿ. ಬಲದಿಂದ ಎಡಕ್ಕೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ, ಒಂಬತ್ತು ಮೀರಿದರೆ ಒಂಬತ್ತು ಕಳೆದು, ಎಲ್ಲ ಕೂಡಿಸಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಹಾನ್ಸ್ ಪೀಟರ್ ಲೂನ್ ಎಂಬಾತ 1954ರಲ್ಲಿ ಇದಕ್ಕೆ ಹಕ್ಕುಪತ್ರ ಕೋರಿದನಂತೆ. ಮನೆಗೆ ಬಂದು ನನ್ನ ಸತ್ತ ಕಾರ್ಡಿನ ಅಂಕಿಗಳನ್ನು ಕೂಡಿಸಿದೆ. ಎಪ್ಪತ್ತು ಬಂತು! ಕೀರ್ದಿಯ ಎರಡೂ ಬದಿ ಸರಿಹೋದಾಗಿನ ಸುಖ ನನಗೆ ಬಹು ದಿನಗಳ ಮೇಲೆ ಸಿಕ್ಕಿತು.

ನಾವು ಎಲ್ಲರಿಗೂ ಕೇಳಿದ ಪ್ರಶ್ನೆಗಳು ಕೆಲವೇ. ಓದುಗರ ಮನೆಯಲ್ಲೂ ಇಂಥ ಸೊಸೆಯೋ ಮಗನೋ ಇದ್ದಾರು, ಆದ್ದರಿಂದ ಹೇಳುತ್ತೇನೆ.

ಮೊದಲನೆಯದು ದಲಾಲಿ. ಡಾಲರನ್ನು ರೂಪಾಯಿಗೆ ತಿರುಗಿಸುವಾಗ ಬ್ಯಾಂಕು ತನ್ನ ಪಾಲು ಸೇರಿಸುತ್ತದೆ. ಆ ಪಾಲಿನ ಮೇಲೆ ಶೇಕಡಾ 18 ತೆರಿಗೆ. ನಮ್ಮ ತಿಂಗಳ ಖರ್ಚು ಸುಮಾರು 40,000. ಒಂದು ಬ್ಯಾಂಕಿನವರು ಶೇಕಡಾ 3.5 ಎಂದರು: 1,400 ಮತ್ತು ತೆರಿಗೆ 252, ಒಟ್ಟು 1,652. ಇನ್ನೊಬ್ಬರದು ಶೇಕಡಾ 2: 800 ಮತ್ತು 144, ಒಟ್ಟು 944. ತಿಂಗಳಿಗೆ 708, ವರ್ಷಕ್ಕೆ 8,496 ರೂಪಾಯಿ ವ್ಯತ್ಯಾಸ. ಎರಡನೆಯವರ ಕಾರ್ಡಿಗೆ ವರ್ಷದ ಶುಲ್ಕ 2,000 ಇತ್ತು, ಮೊದಲನೆಯದು ಪುಕ್ಕಟೆ. ಪುಕ್ಕಟೆಯದೇ ತುಟ್ಟಿ ಎಂದು ಗೊತ್ತಾಗಲು ಪೆನ್ಸಿಲು ಬೇಕಾಯಿತು. ಕೊಡುವಾಗ ಪರದೆಯ ಮೇಲೆ "ರೂಪಾಯಿಯಲ್ಲೇ ಕೊಡುವಿರಾ?" ಎಂದು ಕಕ್ಕುಲಾತಿಯಿಂದ ಕೇಳುವುದುಂಟು. ಒಪ್ಪಬಾರದು, ಆ ದರ ಸಾಮಾನ್ಯವಾಗಿ ಇನ್ನೂ ತುಟ್ಟಿ.

ಎರಡನೆಯದು ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಬಾಡಿಗೆ. 2021ರ ಅಕ್ಟೋಬರ್ 1ರಿಂದ ಇಂಥ ಕಡಿತಕ್ಕೆ ಮೊದಲು ನಮ್ಮ ಸಮ್ಮತಿ ದಾಖಲಾಗಬೇಕು, ಒಂದು ದಿನ ಮುಂಚೆ ಸೂಚನೆ ಬರಬೇಕು. ಪ್ರತಿಸಲ ಗುಪ್ತ ಸಂಖ್ಯೆ ಕೇಳದೆ ಬಿಡುವ ಮಿತಿಯನ್ನು 2022ರಲ್ಲಿ 5,000ದಿಂದ 15,000ಕ್ಕೆ ಏರಿಸಿದರು. ಇದಕ್ಕೆ ಹೊಂದಿಕೊಳ್ಳದ ಪರದೇಶದ ವ್ಯಾಪಾರಿಯ ಬಳಿ ನಮ್ಮ ಕಾರ್ಡು ಸುಮ್ಮನೆ ಬೀಳುತ್ತದೆ. ಆದ್ದರಿಂದ, ಈ ಕಾರ್ಡಿನ ಮೇಲೆ ಇಂಥ ಅಂಗಡಿಯ ಕಡಿತ ನಡೆಯುತ್ತದೆಯೇ ಎಂದು ಹೆಸರಿಟ್ಟು ಕೇಳಬೇಕು.

ಮೂರನೆಯದು, ಮಾಲು ಬೇಡವೆಂದು ತಿರುಗಿಸಿದಾಗ ಸತ್ತ ಸಂಖ್ಯೆಗೆ ಬರುವ ರೊಕ್ಕ ಎಲ್ಲಿಗೆ ಸೇರುತ್ತದೆ? ಈ ಪ್ರಶ್ನೆಗೆ ತಡವರಿಸಿದವರನ್ನು ನಾವು ಬಿಟ್ಟೆವು.

ಹೀಗೆ ತಿರುಗುತ್ತಿರುವಾಗ ಒಬ್ಬ ಮಹಾಶಯನ ಪರಿಚಯವಾಯಿತು. ಬ್ಯಾಂಕಿನ ತೊಡಕೇ ಬೇಡ, ಪರದೇಶದ ವಿಳಾಸ, ಪರದೇಶದ ಹೆಸರು ಇರುವ ಡಾಲರ್ ಕಾರ್ಡನ್ನು ಒಂದು ತಾಸಿನಲ್ಲಿ ಕೊಡಿಸುತ್ತೇನೆಂದ. ರೂಪಾಯಿಯನ್ನು ತನ್ನ ಕೈಗೆ ಕೊಟ್ಟರೆ ಸಾಕು, ತಾನು ಕ್ರಿಪ್ಟೋ ನಾಣ್ಯದ ಮೂಲಕ ತುಂಬಿಸುತ್ತಾನೆ. ದಲಾಲಿ ಶೇಕಡಾ 1, ತೆರಿಗೆಯ ಮಾತೇ ಇಲ್ಲ. ನಾನು ಪೆನ್ಸಿಲು ತೆಗೆದೆ. ಸತ್ಯ ಹೇಳುತ್ತೇನೆ, ನನ್ನ ಮನಸ್ಸು ಜಾರಿತು. ಹತ್ತು ಸಾವಿರ ಕಳೆದವನಿಗೆ ಉಳಿಸುವ ಆತುರ ಹೆಚ್ಚು.

ಸೊಸೆ ಮೆಲ್ಲಗೆ ಕೇಳಿದಳು: "ಮಾವಾ, ಇವರ ಕೈಗೆ ಕೊಟ್ಟ ರೊಕ್ಕ ನಿಮ್ಮ ಕೀರ್ದಿಯೊಳಗ ಯಾರ ಹೆಸರಿಗೆ ಬರೀತೀರಿ?"

ನಾನು ಪೆನ್ಸಿಲು ಕೆಳಗಿಟ್ಟೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಬಾಬನ್ನೂ ಹೆಸರಿಲ್ಲದೆ ಬರೆದವನಲ್ಲ ನಾನು. ದೇಶದ ರೊಕ್ಕ ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ 1999ರ ಫೆಮಾ ಕಾಯಿದೆಯಂತೆ ಅಧಿಕೃತ ದಾರಿಗಳಿವೆ. ರಫ್ತಿನ ರೊಕ್ಕ ಬ್ಯಾಂಕಿನ ಮೂಲಕವೇ ಬಂದು ದಾಖಲಾಗಬೇಕು. ಇತ್ತ ನೆಟ್ಟಗೆ ಬರುವ ರೊಕ್ಕಕ್ಕೆ ಅತ್ತ ಕಳ್ಳ ಬಾಗಿಲು ಇಟ್ಟರೆ, ತಾಳೆ ಎಂದೂ ಕೂಡದು. ಮೇಲಾಗಿ ಅಂಗಡಿಯ ಹೆಸರೊಂದು, ಕಾರ್ಡಿನ ಹೆಸರು ಇನ್ನೊಂದು ಆದರೆ ಯಾವ ದಿನ ಅಂಗಡಿ ಮುಚ್ಚಿಸುತ್ತಾರೋ ಹೇಳಲಾಗದು. ಆಗ ಬಾಗಿಲಲ್ಲಿ ನಿಲ್ಲುವವರು ಮತ್ತೆ ಆ ಹನ್ನೊಂದು ಮಂದಿ. ಮಹಾಶಯನಿಗೆ ಚಹಾ ಕುಡಿಸಿ ಕಳಿಸಿದೆವು.

ಕಡೆಗೆ ಶೇಕಡಾ 2ರ ಬ್ಯಾಂಕನ್ನೇ ಆರಿಸಿದೆವು. ಕಾರ್ಡು ಸೊಸೆಯ ವ್ಯಾಪಾರದ ಹೆಸರಿನಲ್ಲಿ, ಅವಳ ಚಾಲ್ತಿ ಖಾತೆಗೆ ಹೊಂದಿ. ನನ್ನ ಉಳಿತಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆಗೊಂದು ಸಂಖ್ಯೆ, ಜಾಹೀರಾತಿಗೊಂದು, ಪರೀಕ್ಷೆಯ ಚಂದಾಗಳಿಗೆ ಒಂದೇ ಸಲ ಬಳಸಿ ಬಿಸಾಡುವ ಸಂಖ್ಯೆ. ಪೇಠ್ ಎಂಬಂತೆ ಬೇರೆ ಬ್ಯಾಂಕಿನದೊಂದು ಕಾರ್ಡನ್ನು ಹಿಂದೆ ಇಟ್ಟುಕೊಂಡೆವು. ಇಲ್ಲಿಯೂ ನನ್ನ ಜಿಪುಣತನ ಒಮ್ಮೆ ಕೈಕೊಟ್ಟಿತು. ಬಾಡಿಗೆಯ ಸಂಖ್ಯೆಗೆ ಕಟ್ಟುನಿಟ್ಟಾಗಿ ಮಿತಿ ಹಾಕಿಸಿದ್ದೆ. ಎರಡನೆಯ ತಿಂಗಳಲ್ಲಿ ಡಾಲರು ತುಸು ಏರಿ, ಮೂವತ್ತೇಳು ರೂಪಾಯಿ ಕಡಿಮೆ ಬಿದ್ದು ಕಾರ್ಡು ನಿಂತಿತು! ಆ ದಿನ ಪೇಠ್ ನಮ್ಮನ್ನು ಕಾಪಾಡಿತು. ಈಗ ಮಿತಿಯನ್ನು ಖರ್ಚಿಗಿಂತ ಹತ್ತನೆಯ ಒಂದು ಪಾಲು ಹೆಚ್ಚು ಇಡುತ್ತೇವೆ.

ಒಂದು ಸಲ ಜಾಹೀರಾತಿನ ಸಂಖ್ಯೆಯ ಮೇಲೆ ಯಾರೋ ಅಪರಿಚಿತರು ಕೈಹಾಕಿದರೆಂದು ಸಂದೇಶ ಬಂತು. ಮಿತಿಯೂ ಹೆಸರೂ ಅಡ್ಡ ಬಂದು ಒಂದು ಕಾಸೂ ಹೋಗಲಿಲ್ಲ. ಸೊಸೆ ಬೆಳಗಿನ ಚಹಾ ಕುಡಿಯುತ್ತಲೇ ಆ ಸಂಖ್ಯೆಯನ್ನು ಕೊಂದು ಹೊಸದನ್ನು ಹುಟ್ಟಿಸಿದಳು. ಅಂಗಡಿ ತೆರೆದೇ ಇತ್ತು. ಶನಿವಾರದ ಕೂಲಿ ಶನಿವಾರವೇ ಸಂದಿತು.

ಈಗ ರಾತ್ರಿ ಊಟವಾದ ಮೇಲೆ ಅವಳು ಮೊಬೈಲು ನೋಡಿ ಓದುತ್ತಾಳೆ, ನಾನು ಉದ್ದನೆಯ ಕೆಂಪು ಪುಸ್ತಕದಲ್ಲಿ ಬರೆಯುತ್ತೇನೆ. ಇದರ ಅಗತ್ಯವಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು; ಎಲ್ಲವನ್ನೂ ಯಂತ್ರವೇ ಬರೆದಿಡುತ್ತದೆ. ಆದರೆ ಸಂದೇಶಗಳನ್ನು ಅಂದಂದೇ ಓದಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಆ ಹತ್ತು ಸಾವಿರವನ್ನು ಬರೆದಿದ್ದೇನೆ. ವ್ಯಾಪಾರದ ನಷ್ಟಕ್ಕೆ ಹಾಕಿರೆಂದು ಸೊಸೆ ಹೇಳಿದಳು. ನಾನು ಒಪ್ಪಲಿಲ್ಲ. ನನ್ನ ಹೆಸರಿಗೇ ಖರ್ಚು ಹಾಕಿಕೊಂಡು, ಬಾಬು ಏನೆಂಬಲ್ಲಿ "ವಿದ್ಯಾಭ್ಯಾಸ" ಎಂದು ಬರೆದೆ.