ಕೊಡಚಾದ್ರಿ: ಅರ್ಧ ದಾರಿಯ ಚಾರಣ

ಬ್ಯಾಡಗಿಯಲ್ಲಿ ಬೆಳೆದ ನಮಗೆ ಮಳೆಯ ಲೆಕ್ಕ ಸುಲಭ. ಹೊಲದಲ್ಲಿ ಮೆಣಸಿನ ಗಿಡ ನಿಂತಿದ್ದಾಗ ಬೇಕು, ಕಣದಲ್ಲಿ ಕಾಯಿ ಒಣಹಾಕಿದಾಗ ಬೇಡ. ಆದರೆ ನೈಋತ್ಯ ದಿಕ್ಕಿಗೆ ನಾಲ್ಕೈದು ತಾಸು ಪ್ರಯಾಣ ಮಾಡಿದರೆ ಈ ಲೆಕ್ಕ ನಡೆಯದ ಸೀಮೆ ಸಿಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಂಪಾಗಿ ಅಲ್ಲಿಯೇ ಸುರಿಯುತ್ತದೆ. ಉಳಿದದ್ದು ನಮ್ಮ ಕಡೆ ಬರುತ್ತದೆ. ಭೂಗೋಳದ ಪಾಠದಲ್ಲಿ ಓದಿದ ‘ಮಳೆ ನೆರಳಿನ ಪ್ರದೇಶ’ ಎಂದರೆ ಇದೇ. ಆ ಮಳೆಯನ್ನು ಅದರ ಊರಿನಲ್ಲೇ ನೋಡಬೇಕೆಂದು ನಾವು ಐವರು ಗೆಳೆಯರು, ಒಬ್ಬನ ಅಣ್ಣನನ್ನು ಜೊತೆಗೆ ಕರೆದುಕೊಂಡು, ಕಳೆದ ಸೆಪ್ಟೆಂಬರ್‌ನಲ್ಲಿ ಕೊಡಚಾದ್ರಿಗೆ ಹೊರಟೆವು.

ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಸುಲಭವಾಗಿ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದದ್ದು ಅಮ್ಮಿಗೆ ಚೆನ್ನಾಗಿ ನೆನಪಿತ್ತು. ಕೊನೆಗೆ ಅಬ್ಬಾ ಮೂರು ಷರತ್ತು ಹಾಕಿದರು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬಾರದು. ಆ ಊರಿನ ಮಾರ್ಗದರ್ಶಿ ಜೊತೆಗಿರಬೇಕು. ಅವರು ಸಾಕು ಎಂದ ಕಡೆಯಿಂದ ತಿರುಗಬೇಕು. ಮನೆಯಲ್ಲಿ ಕುಳಿತು ಕೇಳುವಾಗ ಮೂರನೆಯದೇ ಎಲ್ಲಕ್ಕಿಂತ ಸುಲಭ ಅನ್ನಿಸಿತ್ತು.

ಕೊಡಚಾದ್ರಿಯ ಎತ್ತರ 1343 ಮೀಟರ್. ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯಿಂದ ಜೀಪಿನಲ್ಲೂ ಹತ್ತಬಹುದು. ನಾವು ಆರಿಸಿಕೊಂಡದ್ದು ಹಿಡ್ಲುಮನೆ ಜಲಪಾತದ ಮೂಲಕ ಹೋಗುವ ಕಾಲುದಾರಿ. ಆಕಾಶ ತಿಳಿಯಾಗಿದ್ದರೆ ಶಿಖರದಿಂದ ಸಮುದ್ರ ಕಾಣುತ್ತದೆ. ನಮ್ಮಲ್ಲೊಬ್ಬ ಗೆಳೆಯ ರಜಾ ದಿನಗಳಲ್ಲಿ ಮೆಣಸಿನಕಾಯಿ ಗೋದಾಮಿನಲ್ಲಿ ಚೀಲ ಹೊಲಿದು ಈ ಪ್ರವಾಸಕ್ಕೆ ಹಣ ಕೂಡಿಸಿದ್ದ. ಅವನು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ.

ಕಾಡಿನೊಳಗೆ ಮಳೆ ನಿಂತರೂ ಮರಗಳು ಹನಿಸುತ್ತಲೇ ಇರುತ್ತವೆ. ಮಾರ್ಗದರ್ಶಿ ಮೊದಲು ನಮಗೆ ನಡಿಗೆ ಕಲಿಸಿದರು. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ಬೇರಿನ ಆಚೆ ಮಣ್ಣಿಗೆ ಇಡಿ. ಪಾಚಿ ಕಟ್ಟಿದ ಬಂಡೆಯನ್ನು ನಂಬಬೇಡಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಎಲ್ಲರಿಗಿಂತ ನಿಧಾನ ನಡೆಯುವವನು ಮುಂದಿರಲಿ. ಈ ಕೊನೆಯ ಮಾತಿನಿಂದ ಯಾರೂ ಹಿಂದೆ ಬೀಳಲಿಲ್ಲ.

ಮಲೆನಾಡಿನವರು ಇಂಬಳ ಎನ್ನುವ ಜಿಗಣೆಗಳು ಒದ್ದೆ ಎಲೆಗಳ ನಡುವಿನಿಂದ ಕಾಲಿಗೆ ಹತ್ತಿದವು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ನೋಡಿದಾಗಲೇ ತಿಳಿಯುವುದು. ಅವುಗಳ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಬಿಡಿಸಿದ ಮೇಲೂ ಬಹಳ ಹೊತ್ತು ಸೋರುತ್ತದೆ. ಎಳೆದು ಕೀಳದೆ, ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಬೇಕು.

ಜಲಪಾತದ ಸದ್ದು ಕೇಳುವಷ್ಟು ಹತ್ತಿರ ಹೋದಾಗ ಒಂದು ಹಳ್ಳ ಅಡ್ಡ ಬಂತು. ನೀರು ಮೊಣಕಾಲಿನ ಕೆಳಗೇ ಇತ್ತು. ಮಾರ್ಗದರ್ಶಿ ಮಾತ್ರ ಆಳ ನೋಡಲಿಲ್ಲ, ಬಣ್ಣ ನೋಡಿದರು. ತಿಳಿಯಾಗಿದ್ದ ನೀರು ನಮ್ಮ ಕಣ್ಣೆದುರೇ ಕೆಂಪಾಗತೊಡಗಿತು. ಕಸಕಡ್ಡಿ ತೇಲಿಬಂತು. ಮೇಲೆಲ್ಲೋ ಜೋರು ಮಳೆ ಬೀಳುತ್ತಿದೆ ಎಂದು ಅದರ ಅರ್ಥವಂತೆ.

“ಇನ್ನು ಮುಂದೆ ಬೇಡ ಮಾರಾಯ್ರೆ, ವಾಪಸ್ ಹೋಗುವ” ಎಂದರು.

“ನೀರು ಮೊಣಕಾಲಿಗೂ ಬರಂಗಿಲ್ಲಲ್ರಿ! ಕೈ ಕೈ ಹಿಡಕೊಂಡು ದಾಟೂಣು” ಎಂದ ಗೆಳೆಯ.

“ಈಗ ದಾಟಬಹುದು. ಸಂಜೆ ವಾಪಸ್ ಬರುವಾಗ ಹಳ್ಳ ನಮ್ಮನ್ನ ಬಿಡಬೇಕಲ್ಲ?”

ಯಾರೂ ಮಾತಾಡಲಿಲ್ಲ. ಅವನ ಹಣ, ಅವನ ಆಸೆ ಎರಡೂ ಗೊತ್ತಿದ್ದರಿಂದ ತಿರುಗೋಣ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಮೇಲಿನ ಮಂಜನ್ನೇ ನೋಡುತ್ತಾ ನಿಂತ. ಆಮೇಲೆ ಕೋಲು ತೆಗೆದುಕೊಂಡು “ನಡೀರಿ” ಎಂದು ಎಲ್ಲರಿಗಿಂತ ಮೊದಲು ತಿರುಗಿದ.

ಅರ್ಧ ತಾಸಿನಲ್ಲಿ ಮಳೆ ಹಿಡಿಯಿತು. ಹತ್ತುವಾಗ ಪಾದವಷ್ಟೇ ನೆನೆಸಿದ್ದ ಒಂದು ಕಿರುತೊರೆ ಈಗ ಮೊಣಕಾಲಿನ ಮೇಲಿತ್ತು. ಕೋಲು ಊರಿ, ಒಬ್ಬರ ತೋಳು ಒಬ್ಬರು ಹಿಡಿದು ದಾಟಿದೆವು. ಮೇಲಿನ ದೊಡ್ಡ ಹಳ್ಳ ಆಗ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಇಳಿಜಾರಿನಲ್ಲಿ ಹತ್ತುವಾಗಿಗಿಂತ ಹೆಚ್ಚು ಜಾರಿದೆವು. ಮಾರ್ಗದರ್ಶಿಯ ಮನೆಯ ಜಗಲಿ ತಲುಪಿ ಬಿಸಿ ಕಷಾಯ ಕುಡಿಯುವಾಗ ಗೆಳೆಯ ಕಾಲಿನ ಇಂಬಳ ಬಿಡಿಸುತ್ತಾ, “ಅಬ್ಬಾಗ ಫೋನ್ ಮಾಡು, ಮೂರನೇ ಷರತ್ತು ಪಾಸಾತು ಅಂತ ಹೇಳು” ಎಂದ. ಎಲ್ಲರೂ ನಕ್ಕೆವು.

ಶಿಖರ ಮುಟ್ಟದ ಈ ಪ್ರವಾಸವನ್ನು ವಿಫಲ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಮಳೆಯ ಕಾಡಿನಲ್ಲಿ ಹತ್ತುವುದರ ಜೊತೆಗೆ ತಿರುಗಿ ಬರುವ ದಾರಿಯನ್ನೂ ಲೆಕ್ಕ ಹಾಕಬೇಕೆಂದು ಆ ಹಳ್ಳದ ದಂಡೆಯಲ್ಲಿ ಕಲಿತೆವು. ಮಳೆ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ, ಮತ್ತೆ ಹೊರಡುತ್ತಿದ್ದೇವೆ. ಗೆಳೆಯ ಆಗಲೇ ಹಣ ಕೂಡಿಸಲು ಶುರು ಮಾಡಿದ್ದಾನೆ. ಬರುವ ಮನಸ್ಸಿದ್ದವರು ಹೆಸರು ಕೊಡಬಹುದು. ಅಬ್ಬಾ ಹಾಕಿದ ಮೂರು ಷರತ್ತು ಮಾತ್ರ ಎಲ್ಲರಿಗೂ ಅನ್ವಯಿಸುತ್ತವೆ.