ಹೊಣೆಗಾರನ ಸಹಿ

ಸಿಎಸ್‌ಎಂಟಿಯಲ್ಲಿ ಇಳಿದು ಮಹಾಪಾಲಿಕಾ ಮಾರ್ಗದಲ್ಲಿ ಮೆಟ್ರೋ ಸಿನಿಮಾದ ಕಡೆಗೆ ನಡೆದರೆ ಎಡಕ್ಕೆ ಮಹಾನಗರಪಾಲಿಕೆ, ಆಜಾದ್ ಮೈದಾನ. ಬಲಕ್ಕೆ ಕಾಮಾ ಆಸ್ಪತ್ರೆ, 1869ರಲ್ಲಿ ಶುರುವಾದ ಸೇಂಟ್ ಝೇವಿಯರ್ಸ್ ಕಾಲೇಜು. ಕಾಲೇಜಿನ ಹಿಂಬದಿಗೆ ಹೋಗುವ ಓಣಿಗೆ ಬದ್ರುದ್ದೀನ್ ತ್ಯಾಬ್ಜಿ ಅವರ ಹೆಸರು. 1887ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದವರು ಅವರು. ಫೋರ್ಟಿನ ಹೋಟೆಲು, ಬ್ಯಾಂಕು, ರಾತ್ರಿಶಾಲೆಗಳನ್ನು ಅಂಗೈಯಂತೆ ಬಲ್ಲ ನಮ್ಮವರಲ್ಲಿಯೂ ಈ ಓಣಿಯಲ್ಲಿ ಕೆಲಸವಿದ್ದವರು ಕಡಿಮೆ. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಲ್ಲರೂ ಹೇಳುವ ಎಫ್‌ಆರ್‌ಆರ್‌ಒ, ಇರುವುದು ಇಲ್ಲಿ.

ನನಗೆ ಇಲ್ಲಿ ಕೆಲಸ ಬಿದ್ದದ್ದು 2024ರಲ್ಲಿ, ಅಕ್ಕನ ಸೊಸೆಯಿಂದಾಗಿ. ಅಕ್ಕ ಮುಲುಂಡಿನ ನಮ್ಮ ಮನೆಯಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮಗ ಹ್ಯಾಂಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಸಿಕ್ಕಿದ್ದು ಮೂರು ವಾರದ ರಜೆ. ಹೆಂಡತಿ ಜರ್ಮನಿಯವಳು, ಶಾಲೆಯಲ್ಲಿ ಟೀಚರ್. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. "ನಾನು ಒಂದು ವರ್ಷ ರಜೆ ಹಾಕಿ ಬರುತ್ತೇನೆ, ಅತ್ತೆ ನಡೆಯುವವರೆಗೆ ಇರುತ್ತೇನೆ" ಎಂದಳು. ಅಕ್ಕ ಫೋನಿನಲ್ಲೇ ಅತ್ತಳು.

ಅಳಿಯ ಮೊದಲು ಯೋಚಿಸಿದ್ದು ಇ-ಟೂರಿಸ್ಟ್ ವೀಸಾ. ಮನೆಯಲ್ಲಿ ಕೂತು ಅರ್ಜಿ ಹಾಕಬಹುದು, ಬೇಗ ಬರುತ್ತದೆ. ಆದರೆ ಅದು ಊರು ನೋಡಿ ಹೋಗುವವರ ವೀಸಾ. ಒಂದು ಸಲಕ್ಕೆ ಎಷ್ಟು ದಿನ ಉಳಿಯಬಹುದು ಎಂಬುದಕ್ಕೆ ಮಿತಿಯಿದೆ, ಇಲ್ಲಿಗೆ ಬಂದ ಮೇಲೆ ಅವಧಿ ಹೆಚ್ಚಿಸಿಕೊಡುವುದಿಲ್ಲ. ಭಾರತೀಯನ ಹೆಂಡತಿಗೆಂದೇ ಇರುವುದು ಎಂಟ್ರಿ ವೀಸಾ, ಕಾಗದಪತ್ರಗಳಲ್ಲಿ 'ಎಕ್ಸ್' ವೀಸಾ. ಮದುವೆಯ ಸರ್ಟಿಫಿಕೇಟು, ಅದರ ಇಂಗ್ಲಿಷ್ ಅನುವಾದ, ಗಂಡನ ಭಾರತೀಯ ಪಾಸ್‌ಪೋರ್ಟಿನ ಪ್ರತಿ, ಇಲ್ಲಿ ಉಳಿಯುವ ವಿಳಾಸ ಎಲ್ಲವನ್ನೂ ಕೊಟ್ಟು ಹ್ಯಾಂಬರ್ಗಿನ ನಮ್ಮ ಕಾನ್ಸುಲೇಟಿನಿಂದ ಒಂದು ವರ್ಷದ ವೀಸಾ ಪಡೆದಳು.

ನನ್ನ ಪಾಲಿನ ಕೆಲಸ ಆಮೇಲಿನದು. ವಿದೇಶಿ ಪ್ರಜೆ ಯಾರ ಮನೆಯಲ್ಲಿ ಇಳಿದುಕೊಂಡರೂ, ಅದು ತಾಜ್ ಹೋಟೆಲಾಗಲಿ ಮುಲುಂಡಿನ ಎರಡು ಕೋಣೆಯ ಫ್ಲ್ಯಾಟಾಗಲಿ, ಮನೆಯವರು 24 ಗಂಟೆಯೊಳಗೆ ತಿಳಿಸಬೇಕು. ಆಗ ಅದರ ಹೆಸರು 'ಸಿ ಫಾರ್ಮ್'. ಆನ್‌ಲೈನಿನಲ್ಲಿ ತುಂಬುವುದು. ಅದಕ್ಕೂ ಮೊದಲು ಮನೆ ಮಾಲೀಕನ ಹೆಸರಿನಲ್ಲಿ ಖಾತೆ ತೆರೆದು ಮಂಜೂರಾತಿ ಪಡೆಯಬೇಕು. ಅತಿಥಿ ವಿಮಾನ ಹತ್ತುವ ಮೊದಲೇ ಅದನ್ನು ಮುಗಿಸಿಟ್ಟರೆ ನೆಮ್ಮದಿ. "ಸೊಸೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಪೊಲೀಸರಿಗೆ ಹೇಳಬೇಕೇನೋ?" ಎಂದು ಅಕ್ಕ ಮಂಚದಿಂದಲೇ ಗದರಿದಳು.

ಎರಡನೆಯದು ನೋಂದಣಿ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ವೀಸಾ ಒಳಗೆ ಬರಲು ಬಿಡುತ್ತದೆ. ಇಂಥ ವಿಳಾಸದಲ್ಲಿ, ಇಂಥ ದಿನದವರೆಗೆ ವಾಸವಿದ್ದಾರೆ ಎಂಬುದಕ್ಕೆ ನೋಂದಣಿ, ವಾಸದ ಪರವಾನಗಿ ಬೇಕು. 2018ರಿಂದ ಇದೆಲ್ಲ ಇ-ಎಫ್‌ಆರ್‌ಆರ್‌ಒ ಮೂಲಕ ನಡೆಯುತ್ತದೆ, ಪರವಾನಗಿ ಇಮೇಲಿನಲ್ಲಿ ಬರುತ್ತದೆ. ಬೇಕೆನಿಸಿದಾಗ ಮಾತ್ರ ಕರೆಸುತ್ತಾರೆ.

ನಮ್ಮನ್ನು ಕರೆಸಿದರು. ಕಾರಣ ನಮ್ಮ ಹೆಸರುಗಳೇ ಇರಬೇಕು. ಅಳಿಯನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿದೆ, ಮದುವೆಯ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು. ನನ್ನ ಆಧಾರಿನಲ್ಲಿ ಪೂರ್ತಿ ಹೆಸರು, ಮಹಾವಿತರಣದ ಕರೆಂಟು ಬಿಲ್ಲಿನಲ್ಲಿ ಬರೀ ಇನಿಶಿಯಲ್ಲು. ಕರಾವಳಿಯಿಂದ ಬಂದವರಿಗೆ ಈ ಗೋಜಲು ಹೊಸದಲ್ಲ. ಜರ್ಮನಿಯ ಹುಡುಗಿಗೆ ಮಾತ್ರ ಒಂದೇ ಮನುಷ್ಯನಿಗೆ ಮೂರು ಹೆಸರು ಹೇಗೆ ಎಂಬುದು ಬಗೆಹರಿಯಲಿಲ್ಲ. ಮೂಲ ದಾಖಲೆಗಳನ್ನೆಲ್ಲ ಫೈಲಿಗೆ ಸೇರಿಸಿ, ಬೆಳಗಿನ ಲೋಕಲ್ ಹಿಡಿದು ಇಬ್ಬರೂ ಹೋದೆವು.

ಓಣಿಗೆ ತಿರುಗುವಾಗ ನಾನು ಅವಳಿಗೆ ಹೇಳಿದೆ: 2008ರ ನವೆಂಬರ್ 26ರ ರಾತ್ರಿ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಗುಂಡೇಟಿಗೆ ಬಲಿಯಾದದ್ದು ಕಾಮಾ ಆಸ್ಪತ್ರೆಯ ಬದಿಯ ಈ ಓಣಿಯಲ್ಲೇ. ಆ ದಾಳಿಗೆ ಜಾಗಗಳನ್ನು ನೋಡಿಕೊಟ್ಟ ಡೇವಿಡ್ ಹೆಡ್ಲಿ ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಬಂದು, ಇದೇ ಮುಂಬೈಯಲ್ಲಿ ವಲಸೆ ಸಲಹೆಯ ಕಚೇರಿ ಇಟ್ಟುಕೊಂಡಿದ್ದ. ಅದು ಬಯಲಾದ ಮೇಲೆ ವೀಸಾ ನಿಯಮಗಳು ಬಿಗಿಯಾದವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರು ಕೇಳಲೇಬೇಕು, ಮಾವ" ಎಂದಳು.

ಒಳಗೆ ಕೇಳಿದ್ದು ಒಂದು ಹೊಣೆಪತ್ರ. ಈಕೆ ನನ್ನ ಮನೆಯಲ್ಲಿರುತ್ತಾಳೆ, ವೀಸಾದ ಷರತ್ತು ಮೀರುವುದಿಲ್ಲ, ಮರಳಿ ಕಳಿಸಬೇಕಾಗಿ ಬಂದರೆ ಖರ್ಚು ನನ್ನದು ಎಂಬ ಅರ್ಥದ ಮಾತುಗಳು. ಪೆನ್ನು ಹಿಡಿದಾಗ ನನಗೆ ನೆನಪಾದದ್ದು 1979. ಕುಂದಾಪುರದಿಂದ ಬಂದ ಹತ್ತೊಂಬತ್ತರ ಹುಡುಗ ನಾನು. ಫೋರ್ಟಿನ ಒಂದು ಖೋಲಿಯಲ್ಲಿ ಹದಿನಾಲ್ಕು ಜನ, ಪಾಳಿಯಲ್ಲಿ ನಿದ್ದೆ. ನನಗೆ ಅಲ್ಲಿ ಚಾಪೆ ಸಿಕ್ಕಿದ್ದು ಅಪ್ಪನ ಗೆಳೆಯರೊಬ್ಬರು ಬಾಗಿಲಲ್ಲಿ ನಿಂತು, "ನಮ್ಮೂರ ಹುಡುಗ, ನಾನಿದ್ದೇನಲ್ಲ" ಎಂದದ್ದರಿಂದ. ಆ ಒಂದು ಮಾತಿನ ಮೇಲೆ ಊಟದ ಸಾಲ ಸಿಕ್ಕಿತು, ರಾತ್ರಿಶಾಲೆಗೆ ಸೇರಿಕೊಂಡೆ, ಕೊನೆಗೆ ಬ್ಯಾಂಕಿನ ಕೆಲಸಕ್ಕೂ ಅವರೇ ಗುರುತು ಹೇಳಿದರು. ನಮ್ಮ ಮುಂಬೈ ಕಟ್ಟಿದ್ದೇ ಇಂಥ ಹೊಣೆಗಳ ಮೇಲೆ. ಸರ್ಕಾರ ಈಗ ಅದನ್ನೇ ಬರೆದು ಕೊಡಿ ಎನ್ನುತ್ತದೆ, ಅಷ್ಟೇ. ಹೊಣೆ ಹೊತ್ತವನು ತಿಂಗಳಿಗೊಮ್ಮೆ ಬಂದು ಹುಡುಗ ಹೇಗಿದ್ದಾನೆ ಎಂದು ನೋಡಿಕೊಂಡು ಹೋಗುತ್ತಿದ್ದ. ಸಹಿ ಹಾಕಿದವನ ಕೆಲಸವೂ ಅದೇ: ವೀಸಾ ಮುಗಿಯುವ ದಿನ ಗೊತ್ತಿರಬೇಕು, ವಿಳಾಸ ಬದಲಾದರೆ ತಿಳಿಸಬೇಕು.

ಕೆಲಸ ಮುಗಿಸಿ ಹಿಂತಿರುಗುವಾಗ ಮಾಟುಂಗದಲ್ಲಿ ಇಳಿದು, ಸ್ಟೇಷನ್ನಿನ ಪಕ್ಕದ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿಗೆ ಹೋದೆವು. 1942ರಿಂದ ಎಷ್ಟೋ ಒಂಟಿ ಹುಡುಗರಿಗೆ ಅನ್ನ ಹಾಕಿದ ಜಾಗ. ಬಾಳೆಎಲೆಯ ಮುಂದೆ ಕುಳಿತು ಅವಳು "ಸಾರು ಸ್ವಲ್ಪ ಹಾಕಿ" ಎಂದಳು. ಬಡಿಸುವವರು ಎರಡು ಸಲ ಹಾಕಿದರು. ಪರವಾನಗಿ ಕೆಲವೇ ದಿನದಲ್ಲಿ ಬಂತು.

ಈಗ ನೆಂಟರ ಮನೆಗಳಿಂದ ನನಗೆ ಫೋನು ಬರುತ್ತಿರುತ್ತದೆ. ನಮ್ಮ ಮಕ್ಕಳು ಹೋದ ದೇಶಗಳಲ್ಲಿ ಸೊಸೆ, ಅಳಿಯ, ಮೊಮ್ಮಕ್ಕಳು ಬೇರೆ ಪಾಸ್‌ಪೋರ್ಟಿನವರು. ಅವರಿಗೆ ನಾನು ಹೇಳುವುದು ಇಷ್ಟು. ಒಸಿಐ ಕಾರ್ಡಿದ್ದವರಿಗೆ ಎಷ್ಟು ದಿನ ಇದ್ದರೂ ಈ ನೋಂದಣಿ ಬೇಡ. ಭಾರತೀಯರನ್ನು ಮದುವೆಯಾದ ವಿದೇಶಿಯರು, ಮದುವೆ ನೋಂದಣಿಯಾಗಿ ಎರಡು ವರ್ಷ ಒಟ್ಟಿಗಿದ್ದ ಮೇಲೆ ಆ ಕಾರ್ಡಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಎಂಟ್ರಿ ವೀಸಾವೇ ದಾರಿ. 2025ರ ಸೆಪ್ಟೆಂಬರ್ 1ರಿಂದ 1939, 1946ರ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಆದರೆ ಮನೆಯವರು ತಿಳಿಸಬೇಕಾದ ಹೊಣೆ ಹಾಗೆಯೇ ಇದೆ. ಫಾರ್ಮು ತುಂಬುವ ಮೊದಲು ಸರ್ಕಾರದ ಪೋರ್ಟಲ್ಲಿನಲ್ಲಿ ಆ ದಿನದ ನಿಯಮ ನೋಡಿಕೊಳ್ಳಿ, ಏಜೆಂಟರ ಬಾಯಿಮಾತು ನಂಬಬೇಡಿ.

ಅಕ್ಕ ಐದನೇ ತಿಂಗಳಿಗೆ ಕೋಲು ಬಿಟ್ಟಳು. ಸೊಸೆಯನ್ನು ಕರೆದುಕೊಂಡು ಊರಿಗೆ ಹೊರಟಾಗ ಕುಂದಾಪುರದ ಅಣ್ಣನಿಗೆ ಫೋನು ಮಾಡಿ, ಎಫ್‌ಆರ್‌ಆರ್‌ಒ ಇಲ್ಲದ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ಆ ಅಧಿಕಾರಿ, ನೀನೂ ಸಿ ಫಾರ್ಮ್ ತುಂಬಬೇಕು ಎಂದೆ. ಅಣ್ಣ ನಕ್ಕ: "ನಮ್ಮನೆ ಸೊಸೆಗೆ ನಾವೇ ಹೊಣೆ ಅಂತ ಬರೆದು ಕೊಡಬೇಕಾ? ಕೊಡುವ, ಅದಕ್ಕೇನು."